ಆರಡಿ ಮೂರಡಿಯ ಇತಿಹಾಸ: ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಸತ್ತವರಿಗೆ ಸಿಕ್ಕ ಜಾಗ

ನಿಮ್ಮೂರಿನ ಮಾರಿಗುಡಿ ಪಕ್ಕದಲ್ಲೋ, ಕೆರೆ ಏರಿಯ ಮೇಲೋ, ಹಳೇ ಊರುಬಾಗಿಲ ಹತ್ತಿರವೋ ಅರ್ಧ ಹೂತುಹೋದ ಒಂದು ಕೆತ್ತನೆಯ ಕಲ್ಲು ಇರಬಹುದು. ಕೆಲವು ಕಡೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರು ಅಂತ ಕೈಮುಗಿಯುತ್ತಾರೆ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಈಗ ಶುಂಠಿಗೆ ಜಮೀನು ಗುತ್ತಿಗೆ ಹೋದಾಗ ಜೆಸಿಬಿ ಬಂದು ಬದು ಸಮ ಮಾಡುತ್ತದೆ, ಅಡ್ಡ ಬಂದ ಕಲ್ಲು ಹೊಲದ ಮೂಲೆಗೆ ಉರುಳುತ್ತದೆ. ಅದು ದೇವರೂ ಅಲ್ಲ, ಒಗೆಯುವ ಕಲ್ಲೂ ಅಲ್ಲ. ಬಹುಪಾಲು ಅದು ನಿಮ್ಮೂರಿನಲ್ಲೇ ಬದುಕಿ ಸತ್ತ ಒಬ್ಬ ಮನುಷ್ಯನ ಗುರುತು.

ವರದಿಗೆಂದು ಊರೂರು ಸುತ್ತುವಾಗ ನಮಗೆ ಇಂಥ ಕಲ್ಲುಗಳು ಎಷ್ಟೋ ಸಿಕ್ಕಿವೆ. ಸ್ಮಶಾನಕ್ಕೆ ಜಾಗ ಇಲ್ಲ ಎಂದು ಹೆಣವನ್ನು ರಸ್ತೆಯಲ್ಲಿಟ್ಟು ಕೂತ ಸುದ್ದಿಗಳನ್ನೂ ಬರೆದಿದ್ದೇವೆ. ಈ ಎರಡೂ ಬೇರೆ ಬೇರೆ ಸಂಗತಿ ಎಂದು ಮೊದಲು ಅನಿಸುತ್ತಿತ್ತು. ಶಾಸನಗಳನ್ನು ಓದುತ್ತಾ ಹೋದಂತೆ ಇದು ಒಂದೇ ಕಥೆ ಅನಿಸತೊಡಗಿತು. ಸತ್ತವರನ್ನು ನೆನೆಯುವುದು ಭಕ್ತಿಯ ವಿಷಯ ಎಂದುಕೊಂಡಿದ್ದೇವೆ. ಆದರೆ ನಮ್ಮ ಸೀಮೆಯಲ್ಲಿ ಅದು ಸಾವಿರ ವರ್ಷದಿಂದಲೂ ಜಮೀನಿನ ವಿಷಯ.

ಮೊದಲು ವೀರಗಲ್ಲನ್ನೇ ನೋಡೋಣ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆ ಇರುತ್ತವೆ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಪಕ್ಕದಲ್ಲಿ ದನಗಳ ಸಾಲು. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಈ ಹೆಸರು ಇರಲಿ ಎಂದು ಅದರ ಅರ್ಥ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಪಟ್ಟಿಕೆ ಕಡಿಮೆ, ಕೆಲವೊಮ್ಮೆ ಒಂದೇ.

ಹೀಗೆ ಸತ್ತವರಲ್ಲಿ ರಾಜರು ಕಡಿಮೆ. ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಸತ್ತವರು, ಹೆಣ್ಣುಮಕ್ಕಳ ಮಾನಕ್ಕೆ ಕೈಹಾಕಿದಾಗ ಎದುರು ನಿಂತು ಸತ್ತವರು, ಹುಲಿ ಹಂದಿಯೊಂದಿಗೆ ಕಾದಾಡಿ ಸತ್ತವರೇ ಹೆಚ್ಚು. ಶಾಸನಗಳಲ್ಲಿ ಇದಕ್ಕೆ ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂಬ ಪದಗಳಿವೆ. ತುರು ಅಂದರೆ ದನ. ಕಾಡಂಚಿನ ಎಚ್.ಡಿ. ಕೋಟೆ, ಹುಣಸೂರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲು ನಿಲ್ಲಿಸಿದ ಮೇಲೆ ಏನಾಗುತ್ತಿತ್ತು ಎನ್ನುವುದೇ ಮುಖ್ಯ. ಸತ್ತವನ ಮನೆಯವರಿಗೆ ಜಮೀನು ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರು, ನೆತ್ತರಿಗೆ ಕೊಟ್ಟ ಕೊಡುಗೆ ಎಂದು. ಕಲ್ನಾಡು ಎಂದೂ ಕರೆಯುತ್ತಿದ್ದರು. ಕತ್ತಿ ತೊಳೆದು ಕೊಡುವ ಬಾಳ್ಗಳ್ಚು ಎಂಬ ಇನ್ನೊಂದು ಬಗೆಯೂ ಇತ್ತು. ಕಲ್ಲಿನಲ್ಲಿ ಬರಹ ಇದ್ದರೆ ಯಾರು ಸತ್ತರು, ಏಕೆ ಸತ್ತರು ಎನ್ನುವುದರ ಜೊತೆಗೆ ಎಷ್ಟು ಭೂಮಿ ಕೊಟ್ಟರು ಎಂದೂ ಹಲವು ಕಡೆ ಬರೆದಿರುತ್ತಾರೆ. ಕೊನೆಯಲ್ಲಿ ಒಂದು ಶಾಪ ಇರುತ್ತದೆ: ಈ ಭೂಮಿಯನ್ನು ಕಿತ್ತುಕೊಂಡವನಿಗೆ ಕಾಶಿಯಲ್ಲಿ ಹಸು ಕೊಂದ ಪಾಪ ಬರಲಿ ಎಂಬ ಧಾಟಿಯದು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಆ ಕಲ್ಲು ಒಂದು ಪಹಣಿ. ಈ ಪಹಣಿಗೆ ಅಧಿಕಾರಿಯ ಸಹಿ ಇಲ್ಲ, ಅದರ ಬದಲು ಶಾಪ ಇದೆ. ಯಾವುದು ಹೆಚ್ಚು ಕೆಲಸ ಮಾಡುತ್ತದೋ ಕಚೇರಿಗೆ ಅಲೆದವರೇ ಹೇಳಬೇಕು.

ಆನೆ ತುಳಿದು ಸತ್ತವರ ಮನೆಗೆ ಅರಣ್ಯ ಇಲಾಖೆಯ ಪರಿಹಾರದ ಚೆಕ್ ಬರುತ್ತದಲ್ಲ, ನಾವು ಫೋಟೊ ತೆಗೆದು ಕಳಿಸುತ್ತೇವಲ್ಲ, ಅದರ ಅಜ್ಜನ ಅಜ್ಜ ಈ ನೆತ್ತರುಗೊಡಗೆ. ಒಂದು ವ್ಯತ್ಯಾಸ ಉಂಟು. ಚೆಕ್ಕಿನ ಹಣ ಖರ್ಚಾದ ಮೇಲೆ ಸತ್ತವನ ಹೆಸರು ಊರಲ್ಲಿ ಎಲ್ಲಿಯೂ ಉಳಿಯುವುದಿಲ್ಲ.

ಪಕ್ಕದ ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲು ಇನ್ನೂ ವಿಚಿತ್ರ. ಗಂಗರ ಅರಸ ನೀತಿಮಾರ್ಗ ಮಂಚದ ಮೇಲೆ ಮಲಗಿ ಸಾಯುತ್ತಿರುವ ದೃಶ್ಯ ಅದರಲ್ಲಿದೆ. ಕಾಲ ಸುಮಾರು 870. ಪಕ್ಕದಲ್ಲಿ ಅವನ ಮನೆಯಾಳು ಅಗರಯ್ಯ ಇದ್ದಾನೆ. ಒಡೆಯನ ಜೊತೆ ತಾನೂ ಸತ್ತು ಅವನು ಕೀಳ್ಗುಂಟೆಯಾದ, ಅಂದರೆ ಅರಸನ ಕೆಳಗೆ ಹುಗಿಸಿಕೊಂಡ ಎಂದು ಶಾಸನ ಹೇಳುತ್ತದೆ. ಅದಕ್ಕೆ ಅರಸನ ಮಗ ಕಲ್ನಾಡು ಕೊಟ್ಟ. ಆಳು ಇಷ್ಟಪಟ್ಟು ಸತ್ತನೋ, ಬೇರೆ ದಾರಿ ಇಲ್ಲದೆ ಸತ್ತನೋ ಕಲ್ಲು ಹೇಳುವುದಿಲ್ಲ. ಕಲ್ಲು ಕೆತ್ತಿಸಿದವರು ಉಳಿದವರು, ಸತ್ತವರಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಂತೂ ಒಂದು ನಾಯಿಯದು. ನಾಯಿಯ ಹೆಸರು ಕಾಳಿ. ಹತ್ತನೇ ಶತಮಾನದ ನಡುವೆ, ತಕ್ಕೋಲದಲ್ಲಿ ಚೋಳರ ವಿರುದ್ಧ ನಡೆದ ಯುದ್ಧದ ಸುಮಾರಿಗೆ, ಈ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದರ ಒಡೆಯ ಮಣಲೆರ ಕಲ್ಲು ನಿಲ್ಲಿಸಿದ. ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಎಂದು ಎಚ್ಚರಿಕೆಯನ್ನೂ ಬರೆದರು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ನಾಯಿಗೆ ಕಲ್ಲು, ಪೂಜೆ, ಹೊಲ ಎಲ್ಲ ಸಿಕ್ಕ ಈ ವಿಷಯವನ್ನು ಮುಂದೆ ಸ್ಮಶಾನದ ಮಾತು ಬಂದಾಗ ನೆನಪಿಟ್ಟುಕೊಳ್ಳಿ.

ಈಗ ನಮ್ಮದೇ ಎಚ್.ಡಿ. ಕೋಟೆ ಸೀಮೆಗೆ ಬರೋಣ. ಬೆಳತೂರು ಎಂಬ ಊರಿನ ಶಾಸನ ಕನ್ನಡ ಎಂ.ಎ. ಓದುವವರಿಗೆಲ್ಲ ಗೊತ್ತು, ಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಹೇಳುವವರು ಕಮ್ಮಿ. ಶಕ ವರ್ಷ 979, ಅಂದರೆ 1057. ಆಗ ತಲಕಾಡು ಸೀಮೆ ಚೋಳರ ಕೈಯಲ್ಲಿತ್ತು. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳನ್ನು ನವಿಲೆನಾಡಿನ ಏಚನಿಗೆ ಕೊಟ್ಟಿದ್ದರು. ಏಚ ಕುಸ್ತಿಯಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅರಸನ ಅಪ್ಪಣೆಯಂತೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳುತ್ತೇನೆ ಎಂದಳು. ಹೆತ್ತವರು, ಬಂಧುಗಳು ಬೇಡವೆಂದು ಬೇಡಿಕೊಂಡರು. ಅವಳು ಕೇಳಲಿಲ್ಲ. ದಾನ ಕೊಟ್ಟು ಕೊಂಡ ಹೊಕ್ಕಳು.

ಇಷ್ಟನ್ನೂ ಶಾಸನ ಪದ್ಯದಲ್ಲಿ ಹೇಳುತ್ತದೆ, ಬಹಳ ಚೆನ್ನಾಗಿಯೇ ಹೇಳುತ್ತದೆ. ವಿದ್ವಾಂಸರು ಅದರ ಕಾವ್ಯಗುಣ ಹೊಗಳಿದ್ದಾರೆ. ನಮಗೆ ಮಾತ್ರ ಓದುವಾಗ ಹೆತ್ತವರು ಬೇಡಿಕೊಂಡ ಜಾಗದಲ್ಲೇ ಕಣ್ಣು ನಿಲ್ಲುತ್ತದೆ. ಸತಿ ಎನ್ನುವುದನ್ನು ಆ ಕಾಲದಲ್ಲಿ ಎಲ್ಲರೂ ಒಪ್ಪಿದ್ದರು ಎನ್ನುವವರಿಗೆ ಉತ್ತರ ಅಲ್ಲೇ ಇದೆ. ಮಗಳು ಬದುಕಲಿ ಎಂದು ಅಪ್ಪ ಅವ್ವ ಗೋಗರೆದದ್ದು ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲೇ ಬರೆದಿದೆ.

ಎಲ್ಲ ದೇಕಬ್ಬೆಯರಿಗೂ ಪದ್ಯ ಸಿಗಲಿಲ್ಲ. ಬಹಳ ಕಡೆ ಒಂದು ಕಂಬ, ಅದರಿಂದ ಹೊರಚಾಚಿದ ಮೊಣಕೈ ಮಡಿಸಿದ ತೋಳು, ಕೈತುಂಬ ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು, ಇಷ್ಟೇ. ಮಹಾಸತಿಗಲ್ಲು ಜನರ ಬಾಯಲ್ಲಿ ಮಾಸ್ತಿಗಲ್ಲಾಯಿತು. ಸತ್ತವಳು ಮಾಸ್ತಿಯಮ್ಮ ಆದಳು. ಕೋಲಾರದ ಕಡೆಯ ಮಾಸ್ತಿ ಎಂಬ ಊರಿನ ಹೆಸರೂ, ಆ ಊರಿನ ಹೆಸರಿನಲ್ಲೇ ನಾವು ಕರೆಯುವ ಕತೆಗಾರ ಮಾಸ್ತಿಯವರ ಹೆಸರೂ ಇದೇ ಮೂಲದ್ದು. ಸತಿಯನ್ನು ವೈಭವೀಕರಿಸುವುದು 1987ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಂತ ಕಲ್ಲು ಕೀಳಬೇಕಾಗಿಲ್ಲ. ಬಳೆ ತೊಟ್ಟ ಆ ಕೈ ಯಾವಳೋ ಒಬ್ಬಳದು ಎಂದು ಮಕ್ಕಳಿಗೆ ನೇರವಾಗಿ ಹೇಳಿದರೆ ಆಯಿತು.

ಅರಸರು, ಆಳುಗಳು, ನಾಯಿ, ಸೊಸೆ. ಇವರೆಲ್ಲ ಕಲ್ಲಿನಲ್ಲಿ ಉಳಿದರು. ಕಲ್ಲಿನಿಂದಲ್ಲದೆ ಜನರಿಂದಲೇ ಉಳಿದವರೂ ಇದ್ದಾರೆ. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯನ್ನು ನೋಡಿ. ಕಾವೇರಿ ದಡದಲ್ಲಿ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದುಗೆ. ಮಂಟೇಸ್ವಾಮಿ ಪರಂಪರೆಯ ಜಾಗ ಅದು. ಶಿವರಾತ್ರಿ ಹೊತ್ತಿಗೆ ಶುರುವಾಗುವ ಜಾತ್ರೆ ತಿಂಗಳ ಮೇಲೆ ನಡೆಯುತ್ತದೆ. ಗದ್ದುಗೆ ಎಂದರೆ ಐಕ್ಯರಾದವರು ಕೂತ ಜಾಗ. ಇಲ್ಲಿ ಸಾವಿನ ಸೂತಕ ಎಂಬ ಮಾತೇ ಇಲ್ಲ. ಜನ ಗಾಡಿ ಕಟ್ಟಿಕೊಂಡು ಬಂದು, ಅಡುಗೆ ಮಾಡಿ, ಉಂಡು, ಮಲಗಿ ಹೋಗುತ್ತಾರೆ. ಮಂಟೇಸ್ವಾಮಿಯ ಕತೆಯನ್ನು ತಂಬೂರಿ ಹಿಡಿದು ಹಾಡುವ ನೀಲಗಾರರಲ್ಲಿ ದಲಿತರೇ ಹೆಚ್ಚು. ಬರುವ ಒಕ್ಕಲುಗಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಅಕ್ಷರ ಬಾರದವರು ತಮ್ಮ ಹಿರಿಯರನ್ನು ಶತಮಾನಗಳ ಕಾಲ ಉಳಿಸಿಕೊಂಡ ಬಗೆ ಇದು. ಬೆಳತೂರಿನ ಶಾಸನವನ್ನು ಓದಲು ವಿದ್ವಾಂಸರು ಬೇಕಾದರು, ಕಪ್ಪಡಿಗೆ ತಂಬೂರಿ ಸಾಕಾಯಿತು.

ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತಾರೆ. ಒಕ್ಕಲಿಗರು, ಕುರುಬರು, ನಾಯಕರು, ದಲಿತರಲ್ಲಿಯೂ ಹೂಳುವುದೇ ಹೆಚ್ಚು, ಕೆಲವು ಕಡೆ ಸುಡುತ್ತಾರೆ. ಆಮೇಲೆ ಹಾಲುತುಪ್ಪ, ಹನ್ನೊಂದನೇ ದಿನಕ್ಕೆ ತಿಥಿ. ಮಂಡ್ಯದ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ತೆಗೆದ ‘ತಿಥಿ’ ಸಿನಿಮಾ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನೋಡಿಲ್ಲದಿದ್ದರೆ ನೋಡಿ. ಅಲ್ಲಿಯೂ ನೂರು ದಾಟಿದ ಅಜ್ಜ ಸತ್ತ ಮರುಗಳಿಗೆಯಿಂದಲೇ ಅವನ ಜಮೀನಿನ ಲೆಕ್ಕಾಚಾರ ಶುರುವಾಗುತ್ತದೆ.

ಮಹಾಲಯ ಅಮಾವಾಸ್ಯೆಯ ಎಡೆಯ ಬಗ್ಗೆ ನಿಮಗೆ ನಾವು ಹೇಳುವುದೇನಿದೆ? ಹೊಸ ಬಟ್ಟೆ, ಮುದ್ದೆ, ಬಾಡಿನ ಸಾರು, ಕಜ್ಜಾಯ, ಎಲೆ ಅಡಿಕೆ, ಸತ್ತವರಿಗೆ ಇಷ್ಟ ಇದ್ದರೆ ಬೀಡಿ, ಒಂದು ಪ್ಯಾಕೆಟ್ಟು. ಧೂಪ ಹಾಕಿ ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು, ಹಿರಿಯರು ಉಣ್ಣಲಿ ಎಂದು. ದೂರದ ಮೆಕ್ಸಿಕೊ ದೇಶದಲ್ಲಿ ನವೆಂಬರ್ 1, 2ರಂದು ಹೀಗೆಯೇ ಸತ್ತವರ ಫೋಟೊ ಮುಂದೆ ಅವರಿಗೆ ಇಷ್ಟವಾದ ತಿಂಡಿ, ಹೆಂಡ ಇಟ್ಟು ಚೆಂಡುಹೂವು ಹರಡುತ್ತಾರೆ. ನಮ್ಮಂತೆ ಚೆಂಡುಹೂವೇ! ಅದೇ ನವೆಂಬರ್ 2ಕ್ಕೆ ನಮ್ಮ ಕಡೆಯ ಕ್ರೈಸ್ತರು ಗೋರಿಗಳಿಗೆ ಸುಣ್ಣ ಹೊಡೆದು ಮೇಣದಬತ್ತಿ ಹಚ್ಚುತ್ತಾರೆ. ಮುಸ್ಲಿಮರು ಬರಾತ್ ರಾತ್ರಿ ಖಬರಸ್ಥಾನಕ್ಕೆ ಹೋಗಿ ಹಿರಿಯರಿಗಾಗಿ ಪ್ರಾರ್ಥನೆ ಮಾಡುತ್ತಾರೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ, ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟ್ ಜನರ ಕತೆ ಬೇರೆ. ಅವರ ನಾಡಿನಲ್ಲಿ ಮರ ಕಡಿಮೆ, ನೆಲ ಗಟ್ಟಿ. ಹೆಣವನ್ನು ಬೆಟ್ಟದ ಮೇಲಿಟ್ಟು ರಣಹದ್ದುಗಳಿಗೆ ಒಪ್ಪಿಸುವ ಪದ್ಧತಿ ಅಲ್ಲಿತ್ತು. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ದೇಹ ಇನ್ನೊಂದು ಜೀವಕ್ಕೆ ಊಟವಾಗಲಿ, ಅದು ಕೊನೆಯ ದಾನ ಎನ್ನುವುದು ಅವರ ನಂಬಿಕೆ. 1960ರ ಸುಮಾರಿಗೆ ಬೈಲಕುಪ್ಪೆಗೆ ಬಂದ ಮೇಲೆ ಅವರು ನಮ್ಮಂತೆ ಸುಡತೊಡಗಿದರು. 49 ದಿನ ಮಾತ್ರ ಹಾಗೆಯೇ ಉಳಿಯಿತು. ಸತ್ತವರು ಮತ್ತೆ ಹುಟ್ಟುವವರೆಗೆ ನಡುದಾರಿಯಲ್ಲಿ ಇರುವ ದಿನಗಳು ಅವು, ಅಷ್ಟೂ ದಿನ ದೀಪ, ಪ್ರಾರ್ಥನೆ. ನಮ್ಮೋರು ಗೋಲ್ಡನ್ ಟೆಂಪಲ್ ಎಂದು ಸೆಲ್ಫಿಗೆ ಹೋಗುವ ನಾಮ್‌ಡ್ರೋಲಿಂಗ್ ಮಠವನ್ನು ಕಟ್ಟಿದ ಪೆನೋರ್ ರಿಂಪೋಚೆ 2009ರ ಮಾರ್ಚ್‌ನಲ್ಲಿ ಬೈಲಕುಪ್ಪೆಯಲ್ಲೇ ತೀರಿಕೊಂಡರು. ಅವರ ದೇಹವನ್ನು ಸುಡದೆ ಮಠದಲ್ಲೇ ಕಾಪಿಟ್ಟರು. ಆದರೆ ಈ ಕ್ಯಾಂಪುಗಳ ಜಮೀನು ಸರ್ಕಾರ ಗುತ್ತಿಗೆಗೆ ಕೊಟ್ಟದ್ದು. ಹುಟ್ಟಿದ್ದು ಇಲ್ಲೇ, ಸುಟ್ಟದ್ದೂ ಇಲ್ಲೇ ಆದ ಎರಡು ಮೂರು ತಲೆಮಾರು ಅಲ್ಲಿ ಮುಗಿದಿದೆ, ಹೆಸರಿಗೆ ಒಂದು ಗುಂಟೆ ಇಲ್ಲ.

ಅವರು ಬೇರೆ ದೇಶದಿಂದ ಬಂದವರು ಅನ್ನೋಣ. ಇಲ್ಲಿಯವರೇ ಆದ ಜೇನುಕುರುಬರು, ಬೆಟ್ಟಕುರುಬರ ಗತಿ ಏನಾಯಿತು? 1972ರ ವನ್ಯಜೀವಿ ಕಾಯ್ದೆ, ಆಮೇಲೆ ರಾಷ್ಟ್ರೀಯ ಉದ್ಯಾನ, 1974ರ ಕಬಿನಿ ಅಣೆಕಟ್ಟೆ ಎಂದು ಒಂದರ ಮೇಲೊಂದು ಬಂದು ನಾಗರಹೊಳೆ ಕಾಡಿನ ಹಾಡಿಗಳು ಖಾಲಿಯಾದವು. ಹೈಕೋರ್ಟ್ ನೇಮಿಸಿದ, ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಹಾಗೆ ಒಕ್ಕಲೆದ್ದ ಕುಟುಂಬಗಳು 3,418 ಎಂದು ಅದು ಲೆಕ್ಕ ಹಾಕಿತು. ಜನ ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ, ಲೈನ್‌ಮನೆಗಳಿಗೆ ಬಂದರು. ಅವರ ಗುಂಡಿಗಳು ಕಾಡಿನಲ್ಲೇ ಉಳಿದವು.

ಕಾಡಿನಲ್ಲಿ ಹೂತವರು ಅಲ್ಲೇ ಇರುತ್ತಾರೆ, ಕಾಡನ್ನೂ ಮಕ್ಕಳನ್ನೂ ಕಾಯುತ್ತಾರೆ ಎನ್ನುವುದು ಹಾಡಿಯ ಹಿರಿಯರ ನಂಬಿಕೆ. ಎಡೆ ಇಡಬೇಕಾದರೆ ಗೇಟಿನಲ್ಲಿ ಅನುಮತಿ ಕೇಳಬೇಕಾದ ಮನೆತನ ಬೇರೆ ಎಲ್ಲಾದರೂ ಉಂಟೇ? ನಮ್ಮ ಮನೆಯ ಸಮಾಧಿಗೆ ಹೋಗಲು ಟಿಕೆಟ್ ತಗೋಬೇಕು ಅಂದರೆ ನಾವು ಸುಮ್ಮನಿರುತ್ತೇವೆಯೇ?

ಇಲ್ಲಿ ಕಾನೂನು ಒಂದು ಒಳ್ಳೆಯ ಕೆಲಸ ಮಾಡಿದೆ, ಅದು ಬಹಳ ಜನಕ್ಕೆ ತಿಳಿಯದು. 2006ರ ಅರಣ್ಯ ಹಕ್ಕು ಕಾಯ್ದೆಗೆ 2008ರಲ್ಲಿ ನಿಯಮಗಳು ಬಂದವು. ಅದರ 13ನೇ ನಿಯಮ ಹಕ್ಕು ಕೇಳುವವರು ಯಾವ ಯಾವ ಸಾಕ್ಷ್ಯ ಕೊಡಬಹುದು ಎಂದು ಹೇಳುತ್ತದೆ. ಸರ್ಕಾರಿ ಕಾಗದಪತ್ರವೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಪೂಜೆಯ ಜಾಗ, ಹೂಳುವ ಜಾಗ ಕೂಡ ಸಾಕ್ಷ್ಯ. ಅಂದರೆ ಅಜ್ಜನ ಗುಂಡಿಯೇ ಮೊಮ್ಮಗನ ದಾಖಲೆ. ನೆತ್ತರುಗೊಡಗೆಯ ಕಾಲದ ತರ್ಕ ಸುತ್ತಿಬಳಸಿ ಮತ್ತೆ ಕಾನೂನಿನಲ್ಲಿ ಬಂದು ಕೂತಿದೆ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರುಕೊಲ್ಲಿಗೆ ಸುಮಾರು 50 ಜೇನುಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದಾಗ ಹೇಳಿದ್ದೂ ಇದನ್ನೇ: ನಮ್ಮ ಹಿರಿಯರು, ನಮ್ಮ ದೈವಗಳು ಇಲ್ಲೇ ಇವೆ. ಕಲ್ಲಿನ ಮೇಲೆ ಅಕ್ಷರ ಇದ್ದರೆ ಇಲಾಖೆ ನಂಬುತ್ತದೆ. ಕಾಡಿನ ಗುಂಡಿಯ ಮೇಲೆ ಅಕ್ಷರ ಇಲ್ಲ, ಮಳೆಗೆ ದಿಬ್ಬವೂ ಕರಗುತ್ತದೆ. ತೋರಿಸುವ ಮುದುಕರು ತೀರಿಕೊಳ್ಳುವ ಮೊದಲು ಆ ಜಾಗಗಳನ್ನು ಗುರುತು ಹಾಕಿಕೊಳ್ಳುವುದು ಅವಸರದ ಕೆಲಸ.

ಕಾಡಿನ ಹೊರಗಿನ ಊರುಗಳಲ್ಲೂ ಲೆಕ್ಕ ಅಂಥ ಬೇರೆಯೇನಲ್ಲ. ಹೊಲ ಇದ್ದವರು ಹೊಲದಲ್ಲೇ ಮಣ್ಣು ಮಾಡಿ, ಸಿಮೆಂಟಿನ ಕಟ್ಟೆ ಕಟ್ಟಿ, ತುಳಸಿ ನೆಡುತ್ತಾರೆ. ಹೊಲ ಇಲ್ಲದವರು? ಹಳ್ಳದ ಪಕ್ಕ, ಕೆರೆ ಅಂಚು, ಗೋಮಾಳದ ಮೂಲೆ. ಗೋಮಾಳ ಒತ್ತುವರಿಯಾದರೆ, ಕೆರೆ ತುಂಬಿದರೆ, ದಾರಿಯ ಜಮೀನಿನವನು ಬೇಲಿ ಹಾಕಿದರೆ ಹೆಣ ಹೊತ್ತವರು ನಿಲ್ಲಬೇಕು. ಬಹಳ ಸಲ ಹಾಗೆ ನಿಲ್ಲುವವರು ದಲಿತ ಕೇರಿಯವರು. ಊರಿನ ಎಲ್ಲ ಸಾವಿಗೂ ತಮಟೆ ಬಡಿದ, ಗುಂಡಿ ತೋಡಿದ ಮನೆತನಕ್ಕೆ ತನ್ನ ಸಾವಿಗೆ ಜಾಗ ಇಲ್ಲ. ಆತಕೂರಿನ ನಾಯಿಗೆ ಸಾವಿರ ವರ್ಷದ ಹಿಂದೆ ಸಿಕ್ಕಿದ್ದು ಇವರಿಗೆ ಇವತ್ತಿಗೂ ಸಿಕ್ಕಿಲ್ಲ. ಎಲ್ಲ ಗ್ರಾಮಗಳಲ್ಲೂ ಸ್ಮಶಾನಕ್ಕೆ ಜಾಗ ಒದಗಿಸಬೇಕೆಂದು ರಾಜ್ಯ ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಪಾಲನೆಯಾಗಲಿಲ್ಲ ಎಂದು ನ್ಯಾಯಾಂಗ ನಿಂದನೆ ಅರ್ಜಿಯಲ್ಲಿ ಅದೇ ವಿಷಯ ಮತ್ತೆ ಕೋರ್ಟಿಗೆ ಬಂತು.

ಕಲ್ಲುಗಳ ವಿಷಯಕ್ಕೆ ಒಂದು ಮಾತು ಬಾಕಿ ಇದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ.ಎಲ್. ರೈಸ್ 1898ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ನಾಲ್ಕನೇ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಸನಗಳು ಊರುವಾರು, ನಂಬರ್ ಸಹಿತ ಇವೆ. ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ಅದನ್ನು ಹೊಸದಾಗಿ ಅಚ್ಚು ಹಾಕಿತು. ಹಳೆಯ ಸಂಪುಟಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮೂರಿನ ಹೆಸರು ಹುಡುಕಿ ನೋಡಿ. ಬರಹ ಇಲ್ಲದ ಕಲ್ಲುಗಳು ಅದರಲ್ಲಿ ಸಿಗುವುದು ಕಷ್ಟ. ಅಂಥದ್ದಿದ್ದರೆ ಬೆಳಿಗ್ಗೆ ಬೇಗ ಅಥವಾ ಇಳಿಬಿಸಿಲಲ್ಲಿ, ನೆರಳು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ, ಕೆತ್ತನೆ ಚೆನ್ನಾಗಿ ಕಾಣುತ್ತದೆ. ಎಣ್ಣೆ ಸುರಿಯಬೇಡಿ, ಪೇಂಟ್ ಹೊಡೆಯಬೇಡಿ.

ಹಾಗೆಯೇ ಫೋನು ಕೈಯಲ್ಲಿದ್ದಾಗ ಭೂಮಿ ವೆಬ್‌ಸೈಟಿನಲ್ಲಿ ಇನ್ನೊಂದನ್ನೂ ನೋಡಬಹುದು. ನಿಮ್ಮೂರಲ್ಲಿ ಹೆಣ ಹೂಳುವ ಜಾಗದ ಸರ್ವೆ ನಂಬರ್ ಹಾಕಿ, ಪಹಣಿಯಲ್ಲಿ ಸ್ಮಶಾನ ಎಂದು ಬರೆದಿದೆಯೋ, ಬರೀ ಗೋಮಾಳ ಎಂದಿದೆಯೋ, ಇಲ್ಲಾ ಯಾರದಾದರೂ ಹೆಸರು ಬಂದು ಕೂತಿದೆಯೋ ನೋಡಿ. ಸ್ಮಶಾನ ಎಂದು ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಷಯ ಇಟ್ಟು ತಹಶೀಲ್ದಾರ್‌ಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಸರ್ಕಾರಿ ಜಾಗವೇ ಇಲ್ಲದ ಊರಿಗೆ ಖಾಸಗಿ ಜಮೀನು ಕೊಂಡು ಕೊಡುವ ಅವಕಾಶವೂ ಇದೆ. ಅರ್ಜಿಯ ಪ್ರತಿ ನಮಗೂ ಕಳಿಸಿ, ಸಾವು ಬಂದ ದಿನ ಬರೆಯುವ ಸುದ್ದಿಯನ್ನು ಅದಕ್ಕೆ ಮೊದಲೇ ಬರೆಯುತ್ತೇವೆ.